ಕೆಮ್ಮತಾಳ, ಕೆಮ್ಮಾಕತ್ತಾಳ

ಸುಮಿತ್ರಾ, ನಿನ್ನ ತಾಯಿಯ ಕೆಮ್ಮಿನ ವಿಷಯದಲ್ಲಿ ನಾನು ಡಾಕ್ಟರಮ್ಮನಿಗೆ ಸುಳ್ಳು ಹೇಳಿದೆ. ತಿಳಿಯದೆ ಹೇಳಿದ್ದಲ್ಲ, ತಿಳಿದೇ ಹೇಳಿದೆ. ಇಂಗ್ಲಿಷಿನ ಎರಡು ಕ್ರಿಯಾರೂಪಗಳಲ್ಲಿ ನಿಜವಾದದ್ದನ್ನು ಬಿಟ್ಟು, ನನಗೆ ಅನುಕೂಲವಾದದ್ದನ್ನು ಆರಿಸಿಕೊಂಡೆ. ಅದಾದ ಮೇಲೆ ಆ ಸುಳ್ಳನ್ನು ನನ್ನ ಅಜ್ಞಾನದ ಹಿಂದೆ ಬಚ್ಚಿಟ್ಟೆ — ಇಲ್ಲದ ಅಜ್ಞಾನದ ಹಿಂದೆ. ನೀನು ತಾಯಿಯಿಲ್ಲದೆ ಬೆಳೆದದ್ದು ಹಾಗೆ.

ನಿನಗೆ ಆ ಕಾಲ ನೆನಪಿರಲಾರದು. ನೀನಾಗ ಸೊಂಟದ ಮೇಲಿನ ಕೂಸು. ನಮ್ಮ ಸುರಪುರ ಆಗ ಒಂದು ತರಹದ ಅರೆನಿದ್ದೆಯಲ್ಲಿತ್ತು. ನಿಜಾಮನ ಆಳ್ವಿಕೆ ಮುಗಿದು ನಾವು ಹಿಂದೂಸ್ಥಾನದಲ್ಲಿ ಸೇರಿ ಬಹಳ ದಿನವಾಗಿರಲಿಲ್ಲ. ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು, ಸಂತೆಯಲ್ಲಿ ನಾಣ್ಯ ಬದಲಾಗುತ್ತಿತ್ತು. ಭಾಷೆಯೂ ಬದಲಾಗುತ್ತಿತ್ತು — ಆದರೆ ಅದು ಬಾವುಟದಷ್ಟು ಸಲೀಸಾಗಿ ಕೆಳಗಿಳಿಯುವಂಥದ್ದಲ್ಲ. ನಿನ್ನ ಅಜ್ಜ, ಅಂದರೆ ನನ್ನ ಅಪ್ಪ, ತಹಶೀಲು ಕಚೇರಿಯಲ್ಲಿ ಗುಮಾಸ್ತ. ಅವನ ಉರ್ದು ಅಕ್ಷರ ಎಷ್ಟು ಅಂದವಾಗಿತ್ತೆಂದರೆ ಓದಲು ಬಾರದವರೂ ಕಾಗದವನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಲ್ಲುತ್ತಿದ್ದರು. ಹೊಸ ಅಧಿಕಾರಿಗಳು ಬಂದು ಇಂಗ್ಲಿಷ್ ಕೇಳತೊಡಗಿದಾಗ ಆ ಅಕ್ಷರಕ್ಕೆ ಬೆಲೆಯಿಲ್ಲದಾಯಿತು. ತಲೆ ನರೆತ ಅಪ್ಪ ಬೆಳಗಾಗೆದ್ದು ಪಡಸಾಲೆಯಲ್ಲಿ ಚಾಪೆ ಹಾಸಿ, ಮಗುವಿನ ಹಾಗೆ ಇಂಗ್ಲಿಷ್ ಕಲಿಯಲು ಕುಳಿತ. ಪಕ್ಕದಲ್ಲಿ ನಿನ್ನ ತಂದೆ, ನನ್ನ ಅಣ್ಣ. ಕಂಬಕ್ಕೆ ಆತುಕೊಂಡು ನಾನು.

ಕಲಿಸಲು ಬರುತ್ತಿದ್ದವರು ಒಬ್ಬ ಮುದಿ ಮಾಸ್ತರರು. ಆ ಬೆಳಗುಗಳು ಈಗಲೂ ನನ್ನ ಕನಸಿನಲ್ಲಿ ಬರುತ್ತವೆ. ಸುರಪುರದ ಗುಡ್ಡದ ಬಂಡೆಗಳ ಮೇಲೆ ಹಾಲಿನಂಥ ಮಂಜು, ಅದರೊಳಗಿಂದ ಒಂದೊಂದೇ ಮನೆ ತೇಲಿ ಬಂದಂತೆ ಕಾಣುವುದು, ಒಳಗೆ ಅಡಿಗೆಮನೆಯಲ್ಲಿ ನಿನ್ನ ತಾಯಿ ರೊಟ್ಟಿ ಬಡಿಯುವ ಸದ್ದು. ಒಂದು ದಿನ ಅಪ್ಪನೂ ಅಣ್ಣನೂ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದರು. ಎಲ್ಲದಕ್ಕೂ ಕೊನೆಯಲ್ಲಿ 'ಇಂಗ್' ಹಚ್ಚುತ್ತಿದ್ದರು. ಮಾಸ್ತರರು ಕೈಯೆತ್ತಿ, ಒಳಗಿನ ಸದ್ದಿಗೆ ಕಿವಿಗೊಟ್ಟರು.

"ಕೇಳ್ರಿ. ಒಳಗ ನೀಲಮ್ಮ ರೊಟ್ಟಿ ಬಡಿಯಾಕತ್ತಾಳ. ಈಗ, ಈ ಗಳಿಗಿಗೆ. ಇನ್ನೊಂದು ಸ್ವಲ್ಪಕ್ಕ ನಿಲ್ಲಸ್ತಾಳ. ಅದು ಒಂದು. ನೀಲಮ್ಮ ರೊಟ್ಟಿ ಬಡಿತಾಳ. ನಿನ್ನಿನೂ ಬಡದಾಳ, ನಾಳಿಗೂ ಬಡಿತಾಳ. ಅದು ಆಕಿ ಬಾಳೇವು. ಇದು ಇನ್ನೊಂದು. ನಮ್ಮ ಮಾತಿನ್ಯಾಗ ಎರಡೂ ಬ್ಯಾರೆ ಅದಾವಲ್ಲ? ಇಂಗ್ಲಿಷಿನ್ಯಾಗೂ ಹಂಗ."

ಅಪ್ಪ ತಲೆ ತೂಗಿದ, ಆದರೆ ಮರುದಿನ ಮತ್ತೆ ತಪ್ಪಿದ. ನನಗೆ ಮಾತ್ರ ಅದು ಆ ಕ್ಷಣವೇ ಒಳಗೆ ಇಳಿಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ನನಗೆ ಗೊತ್ತಿತ್ತು ಎಂಬುದು ನಿನಗೆ ಗೊತ್ತಿರಲಿ. ಮುಂದೆ ನಡೆದದ್ದರಲ್ಲಿ ಗೊತ್ತಿಲ್ಲದಿರುವಿಕೆ ಎಳ್ಳಷ್ಟೂ ಇರಲಿಲ್ಲ.

ಅಂದು ಮಧ್ಯಾಹ್ನ ಅತ್ತಿಗೆ ನನ್ನ ತಲೆ ಬಾಚುತ್ತ ನಕ್ಕಳು. "ನನ್ನ ರೊಟ್ಟಿ ಇಂಗ್ಲಿಷಿನ್ಯಾಗ ಹೋಗ್ಯಾವಂತಲ್ಲ, ಗಂಗವ್ವ."

ನಿನ್ನ ತಾಯಿ ಕೃಷ್ಣೆಯ ದಂಡೆಯವಳು. ಅವಳ ತವರಿನವರು ಹರಗೋಲು ಹಾಕಿ ಜನರನ್ನು ಆಚೆ ದಂಡೆಗೆ ಮುಟ್ಟಿಸುತ್ತಿದ್ದವರು. ನಮ್ಮ ಗುಡ್ಡದೂರಿಗೆ ಬಂದ ಮೇಲೆ ಅವಳಿಗೆ ನೀರಿನದೇ ಧ್ಯಾನ. ಮೈಗೆ ಆರಾಮವಿಲ್ಲದಾದ ಮೇಲೆ ಅದು ಇನ್ನೂ ಹೆಚ್ಚಾಯಿತು. ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದರೆ ಹೊಳೆಯ ಮೇಲೆ ಮಲಗಿದಂತೆ ಆಗುತ್ತದೆ ಎನ್ನುತ್ತಿದ್ದಳು. ದೀಪಾವಳಿಯ ನಂತರ ಅವಳಿಗೆ ಸಂಜೆ ಸಂಜೆ ಮೈ ಬಿಸಿಯಾಗತೊಡಗಿತ್ತು. ಕೆನ್ನೆ ಕೆಂಪೇರಿ, ಕಣ್ಣು ಹೊಳೆದು, ಮೊದಲಿಗಿಂತ ಚೆಲುವೆಯಾಗಿ ಕಾಣುತ್ತಿದ್ದಳು. ಓಣಿಯ ಹೆಂಗಸರು ಮತ್ತೆ ಬಸುರಿಯೇನೋ ಎಂದುಕೊಂಡರು. ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಅವಳು ಬೆಳಗಿನ ಜಾವ ಬೆವೆತು ಎದ್ದು ಸೀರೆ ಬದಲಿಸುವುದು ನನಗೆ ಗೊತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮುವುದೂ.

ಅದೇ ಚಳಿಗಾಲದಲ್ಲಿ ನನ್ನ ಮದುವೆ ನಿಶ್ಚಯವಾಗಿತ್ತು. ಹುಡುಗ ಯಾದಗಿರಿ ಸ್ಟೇಷನ್ನಿನಲ್ಲಿ ಟಿಕೀಟು ಕೊಡುವ ಗುಮಾಸ್ತ — ನೀನು 'ಮಾಮಾ' ಎಂದು ಕರೆದು ಅವರ ಹೆಗಲ ಮೇಲೆ ಬೆಳೆದವಳು, ಅವರ ಬಗ್ಗೆ ನಾನೇನು ಹೇಳಲಿ. ನೋಡಲು ಬಂದಾಗ ಅವರು ನನ್ನನ್ನು ಇಂಗ್ಲಿಷಿನಲ್ಲಿ ಒಂದು ಮಾತು ಕೇಳಿದರು, ನಾನು ಉತ್ತರ ಕೊಟ್ಟೆ, ಅವರು ನಕ್ಕರು. ಆ ನಗು ನನ್ನ ತಲೆಗೆ ಏರಿಬಿಟ್ಟಿತ್ತು. ಸುರಪುರಕ್ಕೆ ರೈಲಿಲ್ಲ, ಆದರೂ ನನಗೆ ಹಗಲಿಡೀ ರೈಲಿನ ಸಿಳ್ಳು ಕೇಳಿಸುತ್ತಿತ್ತು. ಹಿಂದಿನ ವರ್ಷವಷ್ಟೇ ನಮ್ಮ ಓಣಿಯ ಒಬ್ಬ ಹುಡುಗಿಯ ನಿಶ್ಚಯ ಮುರಿದಿತ್ತು. ಅವಳ ಕಾಕನಿಗೆ ಕ್ಷಯ ಎಂಬ ಸುದ್ದಿ ಹೇಗೋ ಬೀಗರ ಊರಿಗೆ ಮುಟ್ಟಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಆ ರೋಗದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಶಹಾಪುರದ ದವಾಖಾನೆಗೆ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದಿದ್ದಾಳೆ, ಹೆಂಗಸರನ್ನು ಚೆನ್ನಾಗಿ ನೋಡುತ್ತಾಳೆ ಎಂಬ ಸುದ್ದಿ ಬಂತು. ಮಲೆಯಾಳದ ಕಡೆಯವಳು, ಕನ್ನಡ ಬಾರದು, ಉರ್ದುವೂ ಬಾರದು, ಇಂಗ್ಲಿಷ್ ಒಂದೇ. ಅಣ್ಣನಿಗೆ ರಜೆ ಸಿಗಲಿಲ್ಲ. ಮಾತಾಡಲು ನಾನು ಹೋಗುವುದೆಂದಾಯಿತು. ನಿನ್ನನ್ನು ನನ್ನ ಅವ್ವನ ಕೈಗೆ ಕೊಟ್ಟು ಹೊರಟೆವು. ಬಾಗಿಲಲ್ಲಿ ಅವ್ವ ನನ್ನ ಮುಖ ನೋಡಿ, "ನಿನ್ನ ಲಗ್ನ ಬಾಗಲ್ದಾಗ ನಿಂತದ. ನೋಡಿ ಮಾತಾಡು" ಎಂದಳು. ಅಷ್ಟೇ. ಸುಳ್ಳು ಹೇಳು ಎಂದು ಅವ್ವ ಹೇಳಲಿಲ್ಲ. ಇದನ್ನು ಅವಳ ಮೇಲೆ ಹಾಕಲಾರೆ.

ಬಸ್ಸಿನಲ್ಲಿ ಅತ್ತಿಗೆ ನನ್ನ ಹೆಗಲಿಗೆ ತಲೆಯಿಟ್ಟು ಕುಳಿತಿದ್ದಳು. ಶಹಾಪುರ ಹತ್ತಿರವಾದಂತೆ ಆ ಗುಡ್ಡ ಕಾಣಿಸಿತು, ಮುಖ ಮೇಲೆ ಮಾಡಿ ಮನುಷ್ಯ ಮಲಗಿದಂತಿರುವ ಗುಡ್ಡ. ಹಣೆ, ಮೂಗು, ಎದೆ ಎಲ್ಲ ಬಿಸಿಲಿನಲ್ಲಿ ನೀಲಿಯಾಗಿ. ಅವಳು ಕಣ್ಣು ತೆರೆದು ಬಹಳ ಹೊತ್ತು ನೋಡಿದಳು.

"ಎಷ್ಟ ಆರಾಮ ಮಲಗ್ಯಾನ ನೋಡು. ಒಂದ ಸಲಾನೂ ಕೆಮ್ಮವಲ್ಲ."

ಇಬ್ಬರೂ ನಕ್ಕೆವು. ನಗುತ್ತಲೇ ಅವಳಿಗೆ ಕೆಮ್ಮು ಬಂತು.

ದವಾಖಾನೆಯ ಅಂಗಳದಲ್ಲಿ ಬೇವಿನ ಗಿಡದವರೆಗೂ ಹೆಂಗಸರ ಸಾಲಿತ್ತು. ಕಂಪೌಂಡರ್ ಹರಕುಮುರುಕು ಇಂಗ್ಲಿಷಿನಲ್ಲಿ ಡಾಕ್ಟರಮ್ಮನಿಗೆ ತಿಳಿಸುತ್ತಿದ್ದ. ಗಂಡಸಿನ ಎದುರು ಹೆಂಗಸರು ಅರ್ಧ ಹೇಳುವರು, ಅವನು ಅದರಲ್ಲಿ ಅರ್ಧ ಹೇಳುವನು. ನಾನು "ಗುಡ್ ಮಾರ್ನಿಂಗ್, ಮ್ಯಾಡಮ್" ಎಂದಾಗ ಡಾಕ್ಟರಮ್ಮನ ಮುಖ ಅರಳಿತು. ಬಿಳಿ ಸೀರೆ, ದಪ್ಪ ಜಡೆ, ನನಗಿಂತ ಬಹಳ ದೊಡ್ಡವಳಲ್ಲ. ಕಂಪೌಂಡರನನ್ನು ಹೊರಗೆ ಕಳಿಸಿ, ಪರದೆ ಎಳೆದು, ಸ್ಟೂಲನ್ನು ಹತ್ತಿರ ಸರಿಸಿಕೊಂಡಳು.

ಅತ್ತಿಗೆ ಹೇಳತೊಡಗಿದಳು. ಹೆಣ್ಣು ಡಾಕ್ಟರ್ ಎಂಬ ಧೈರ್ಯ, ಪಕ್ಕದಲ್ಲಿ ನಾನಿರುವ ಧೈರ್ಯ.

"ದೀಪಾವಳಿ ಆದಾಗಿಂದ ಹೊತ್ತು ಮುಳುಗಿದ್ರ ಸಾಕ್ರಿ, ಮೈ ಕಾಯ್ತದ. ನಸುಕಿನ್ಯಾಗ ಬೆವತು ತೊಯ್ದು ಹೋಗ್ತೇನ್ರಿ. ಊಟ ಸೇರೂದಿಲ್ಲ. ದಿನಾ ಕೆಮ್ಮತೇನ್ರಿ. ಎದಿ ಇಲ್ಲಿ ಹಿಡಕೊಂಡಂಗ ಆಗ್ತದ. ಕೂಸಿನ ಎತ್ತಿಕೊಂಡ್ರ ದಮ್ಮು ಹತ್ತತದ್ರಿ."

ಡಾಕ್ಟರಮ್ಮ ನನ್ನತ್ತ ತಿರುಗಿದಳು. ನಾನು ಹೇಳಿದೆ: "ಷಿ ಈಸ್ ಕಾಫಿಂಗ್, ಮ್ಯಾಡಮ್."

ಅವಳು ಹುಬ್ಬು ಗಂಟಿಕ್ಕಿ, ಕೊಳವೆಯನ್ನು ಅತ್ತಿಗೆಯ ಬೆನ್ನಿಗಿಟ್ಟು ಆಲಿಸಿದಳು. ಒಂದು ಕಡೆ ಬಹಳ ಹೊತ್ತು ಆಲಿಸಿದಳು. ಆಮೇಲೆ ನನ್ನ ಕಣ್ಣಿನಲ್ಲಿ ಕಣ್ಣಿಟ್ಟು, ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದಳು. ಇಲ್ಲಿನವರು ಎರಡಕ್ಕೂ ಒಂದೇ ರೀತಿ ಹೇಳುತ್ತಾರೆ, ಅದಕ್ಕೇ ಕೇಳುತ್ತಿದ್ದೇನೆ — ಷಿ ಕಾಫ್ಸ್? ಆರ್ ಷಿ ಈಸ್ ಕಾಫಿಂಗ್? ಯಾವಾಗಲೂ ಕೆಮ್ಮುತ್ತಾಳೋ, ಈಗಷ್ಟೇ ಕೆಮ್ಮುತ್ತಿದ್ದಾಳೋ?

ಸುಮಿತ್ರಾ, ಆ ಗಳಿಗೆ ನನ್ನೊಳಗೆ ಇನ್ನೂ ಮುಗಿದಿಲ್ಲ. ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು, ಅದರಲ್ಲಿ ಧೂಳಿನ ಕಣಗಳು ಮೇಲೂ ಹೋಗದೆ ಕೆಳಗೂ ಬರದೆ ತೇಲುತ್ತಿದ್ದವು. ಯಾದಗಿರಿಯ ಸ್ಟೇಷನ್ನು, ಹಸಿರು ದೀಪ, ಆ ನಗು — ಎಲ್ಲವೂ ಆ ಬಿಸಿಲಿನೊಳಗೇ ಇದ್ದಂತೆ ಕಂಡಿತು. 'ಷಿ ಕಾಫ್ಸ್' ಎಂದರೆ ಅವಳನ್ನು ಹೈದರಾಬಾದಿಗೆ ಕಳಿಸುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ. ಮದುವೆಯಾಗುವವರೆಗೆ, ಮದುವೆಯೊಂದು ಆಗಿಬಿಡುವವರೆಗೆ ಮಾತ್ರ — ಎಂದು ನನಗೆ ನಾನೇ…

"ಷಿ ಈಸ್ ಕಾಫಿಂಗ್, ಮ್ಯಾಡಮ್," ಎಂದೆ. "ಓನ್ಲಿ ನೌ."

ಅವಳು ನಂಬಿದಳು. ಯಾಕೆ ನಂಬಬಾರದು? ನನ್ನ ಇಂಗ್ಲಿಷಿನಲ್ಲಿ ತಪ್ಪಿರಲಿಲ್ಲ. ಕೆಮ್ಮಿನ ಔಷಧಿ ಬರೆದಳು. ಹುಣ್ಣಿಮೆಯ ಹೊತ್ತಿಗೂ ನಿಲ್ಲದಿದ್ದರೆ ತಪ್ಪದೆ ಕರೆದುಕೊಂಡು ಬಾ ಎಂದು ಎರಡು ಸಲ ಹೇಳಿದಳು. ಅತ್ತಿಗೆ ನನ್ನ ಮುಖ ನೋಡಿದಳು.

"ಏನಂತ, ಗಂಗವ್ವ?"

"ನೆಗಡಿ ಅಂತ. ಔಷಧಿ ಕುಡದ್ರ ಹೋಗ್ತದಂತ."

"ನಾ ಇಷ್ಟುದ್ದ ಹೇಳಿದೆ. ನೀ ಅಷ್ಟ ಸಣ್ಣ ಹೇಳಿದೆಲ್ಲ?"

"ಇಂಗ್ಲಿಷ್ ಹಂಗ ಅದ, ಅತ್ತಿಗಿ. ಸಣ್ಣ ಮಾತು."

ಅವಳು ತಲೆಯಾಡಿಸಿದಳು. ಮರಳಿ ಬರುವಾಗ ಔಷಧಿಯ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, ಇದೊಂದು ಮುಗಿಯುವುದರೊಳಗೆ ಗುಣವಾಗುತ್ತೇನೆ, ನಿನ್ನ ಮದುವೆಗೆ ಸೋಬಾನ ನಾನೇ ಹಾಡುತ್ತೇನೆ ಎಂದಳು. ಹುಣ್ಣಿಮೆ ಬಂತು, ಹೋಯಿತು. ಡಾಕ್ಟರಮ್ಮ ಮತ್ತೆ ಬರಹೇಳಿದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮದುವೆಯಲ್ಲಿ ಅವಳು ಹಾಡಲಿಲ್ಲ. ಹಂದರದ ಹಿಂದೆ, ಜನರಿಂದ ದೂರ ಕುಳಿತಿದ್ದಳು. ನನಗೆ ಅರಿಶಿನ ಹಚ್ಚಲು ಬಂದಾಗ ಅವಳ ಅಂಗೈ ಬಿಸಿಯಾಗಿತ್ತು. ಆ ಬಿಸಿಯನ್ನು ಕೆನ್ನೆಯ ಮೇಲೆ ಹೊತ್ತುಕೊಂಡೇ ನಾನು ಯಾದಗಿರಿಗೆ ಹೋದೆ. ಹೋಗಿ ಸುಖವಾಗಿಯೂ ಇದ್ದೆ — ಅದನ್ನೂ ಹೇಳಬೇಕು. ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ರೈಲು ಬಂದಾಗಲೆಲ್ಲ ಪಾತ್ರೆಗಳು ಸಣ್ಣಗೆ ಝಣಗುಟ್ಟುತ್ತಿದ್ದವು. ನಾನು ಅದನ್ನು ಕೇಳುತ್ತ, ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳುತ್ತ, ದಿನಗಳನ್ನು ತೇಲಿಬಿಟ್ಟೆ. ಮದುವೆಯಾದ ಮೇಲೆ ನಿಜ ಹೇಳುತ್ತೇನೆ ಎಂದುಕೊಂಡವಳು ಸೊಲ್ಲೆತ್ತಲಿಲ್ಲ.

ಬೇಸಿಗೆ ಹತ್ತುವಾಗ ಅಣ್ಣ ಆಳು ಕಳಿಸಿದ. ಕೆಮ್ಮಿದಾಗ ರಕ್ತ ಬಿದ್ದಿತ್ತು. ನಾನು ಯಾದಗಿರಿಯಿಂದ ಶಹಾಪುರಕ್ಕೆ ಹೋದೆ, ಅವನು ಸುರಪುರದಿಂದ ಅವಳನ್ನು ತಂದ. ಅದೇ ಪರದೆ, ಅದೇ ಸ್ಟೂಲು. ಡಾಕ್ಟರಮ್ಮ ಅತ್ತಿಗೆಯನ್ನು ನೋಡಿದವಳೇ ಗುರುತು ಹಿಡಿದಳು. ಪರೀಕ್ಷೆ ಮಾಡಿ, ಅವಳನ್ನು ಹೊರಗಿನ ಮಂಚದ ಮೇಲೆ ಮಲಗಿಸಿ, ನನ್ನನ್ನು ಒಳಗೆ ಕರೆದಳು. ಸಿಟ್ಟಿರಲಿಲ್ಲ. ಮೆಲ್ಲಗೆ ಹೇಳಿದಳು:

ನೀನು ಈಗಷ್ಟೇ ಎಂದು ಹೇಳಿದ್ದೆ. ನಾನು ಕೇಳಿದ್ದೆ. ಹುಣ್ಣಿಮೆಗೆ ಕರೆದುಕೊಂಡು ಬಾ ಎಂದೂ ಹೇಳಿದ್ದೆ. ಈಗ ಹೊಸ ಇಂಜೆಕ್ಷನ್ ಬಂದಿದೆ, ಹೈದರಾಬಾದಿನಲ್ಲಿ ಸಿಗುತ್ತದೆ, ಆಗಲೇ ಕಳಿಸಿದ್ದರೆ — ಅವಳು ಆ ವಾಕ್ಯ ಮುಗಿಸಲಿಲ್ಲ.

ಆಗಲಾದರೂ ಹೇಳಬಹುದಿತ್ತು. ಬಾಗಿಲು ಮುಚ್ಚಿತ್ತು, ಕೇಳುವವರು ಯಾರೂ ಇರಲಿಲ್ಲ, ಮದುವೆಯೂ ಆಗಿಹೋಗಿತ್ತು. ಬದಲಿಗೆ ನಾನು ಅತ್ತೆ. ಅಳುತ್ತ ಹೇಳಿದೆ: "ಮೈ ಇಂಗ್ಲಿಷ್ ಈಸ್ ಪೂರ್, ಮ್ಯಾಡಮ್. ಐ ಥಾಟ್ ಬೋತ್ ಆರ್ ಸೇಮ್."

ಡಾಕ್ಟರಮ್ಮ ಎದ್ದು ಬಂದು ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ತಪ್ಪು ನಿನ್ನದಲ್ಲ, ನನ್ನದು ಎಂದಳು. ಬರಿಯ ವ್ಯಾಕರಣವನ್ನು ನೆಚ್ಚಿಕೊಂಡು ಕುಳಿತೆ, ಬೆರಳೆಣಿಸಿ ಎಷ್ಟು ದಿನವಾಯಿತೆಂದು ಅವಳನ್ನೇ ಕೇಳಬೇಕಿತ್ತು ಎಂದಳು. ಆಮೇಲೆ, ಇನ್ನೊಬ್ಬರಿಗೆ ಹೀಗಾಗಬಾರದು, ನೀನು ಬುದ್ಧಿವಂತೆ, ಕಲಿತುಕೋ ಎಂದು ನನ್ನನ್ನು ಕೂಡಿಸಿಕೊಂಡು ಪಾಠ ಮಾಡತೊಡಗಿದಳು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ಹೊರಗೆ ಮಗು ಅಳುತ್ತಿದೆ. ಇದು ಸದಾ, ಅದು ಈಗ. ತಿಳಿಯಿತೇ? ನೀನೊಂದು ಹೇಳು.

ನಾನು ಒಂದು ಹೇಳಿದೆ. ಬೇಕೆಂದೇ ತಪ್ಪು ಹೇಳಿದೆ — ನನ್ನ ಅಜ್ಞಾನ ಅವಳಿಗೆ ನಿಜವೆನಿಸಲಿ ಎಂದು. ಅವಳು ಕಣ್ಣೊರೆಸಿಕೊಂಡು ತಿದ್ದಿದಳು. ಎರಡನೆಯ ಸಲ ಸರಿ ಹೇಳಿದೆ. ಅವಳು ನನ್ನ ಬೆನ್ನು ತಟ್ಟಿದಳು. ಹೊರಗೆ ಮಂಚದ ಮೇಲೆ ನಿನ್ನ ತಾಯಿ ಕೆಮ್ಮುತ್ತಿದ್ದಳು.

ಸುಳ್ಳು ಹೇಳಿದ್ದಕ್ಕಿಂತ ಆ ಪಾಠ ಕಲಿತಂತೆ ನಟಿಸಿದ್ದು ನನಗೆ ಹೆಚ್ಚು ನಾಚಿಕೆ ತರುತ್ತದೆ. ಮೊದಲನೆಯದನ್ನು ಭಯದಲ್ಲಿ ಮಾಡಿದೆ. ಎರಡನೆಯದನ್ನು ಭಯವೆಲ್ಲ ಮುಗಿದ ಮೇಲೆ, ತಣ್ಣಗೆ…

ನಿನ್ನ ತಾಯಿಯನ್ನು ಹೈದರಾಬಾದಿಗೆ ಯಾದಗಿರಿಯಿಂದಲೇ ರೈಲು ಹತ್ತಿಸಿದೆವು. ಅಣ್ಣ ಜೊತೆಗೆ ಹೊರಟ. ನಿನ್ನನ್ನು ನಾನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದೆ. ಮುಟ್ಟಬೇಕೆಂದು ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು. ನಿನಗೆ ತಾಕಬಾರದೆಂದು. ನಿನ್ನ ತಂದೆ ನೀರು ತರಲು ಹೋಗಿದ್ದಾಗ ನನ್ನ ಕಡೆ ನೋಡಿ ಹೇಳಿದಳು:

"ಆ ಡಾಕ್ಟರಮ್ಮನ ಕೂಡ ನೀ ಮಾತಾಡೂದು ನೋಡಿದ್ರ ನನಗ ಭಾಳ ಖುಷಿ ಆಗ್ತಿತ್ತು, ಗಂಗವ್ವ. ನನ್ನ ಮಗಳಿಗೂ ಹಂಗ ಕಲಸು."

ರೈಲು ಹೊರಟಿತು. ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು, ನೀರಿನ ಮೇಲೆ ಮಲಗಿದವಳ ಹಾಗೆ. ಮಳೆಗಾಲ ಹಿಡಿದ ಮೇಲೆ ಅಣ್ಣ ಒಬ್ಬನೇ ಮರಳಿ ಬಂದ.

ನಿನಗೆ ಇಂಗ್ಲಿಷ್ ಕಲಿಸಿದೆ. ಯಾದಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ಊರಿನ ಎಷ್ಟೋ ಹುಡುಗಿಯರಿಗೂ ಕಲಿಸಿದೆ. ಪ್ರತಿ ವರ್ಷ ಆ ಪಾಠ ಬರುತ್ತಿತ್ತು. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ನನ್ನ ತಾಯಿ ದಿನವೂ ಕೆಮ್ಮುತ್ತಾಳೆ ಎಂಬ ವಾಕ್ಯ ಹೇಳಿದಳು. ಕ್ರಿಯಾಪದದ ಕಾಲದಲ್ಲಿ ತಪ್ಪಿರಲಿಲ್ಲ. ಶಾಲೆ ಬಿಟ್ಟ ಕೂಡಲೇ ಅವಳ ಜೊತೆ ಅವಳ ಮನೆಗೆ ಓಡಿದೆ, ಈಗಲಾದರೂ ಏನೋ ಒಂದನ್ನು ಸರಿಮಾಡಲು ಸಿಕ್ಕಿತು ಎಂಬ ಆಸೆಯಿಂದ. ಆ ತಾಯಿ ಒನಕೆ ಕೆಳಗಿಟ್ಟು ಬೆರಗಾಗಿ ನೋಡಿದಳು. "ಖಾರ ಕುಟ್ಟತೇನ್ರಿ, ಬಾಯಾರ. ಘಾಟಿಗೆ ಕೆಮ್ಮು ಬರ್ತದ. ನನಗೇನಾಗ್ಯದ, ಗಟ್ಟಿ ಅದೇನಿ." ನನಗೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳು. ಸರಿಮಾಡಲು ಅಲ್ಲಿ ಏನೂ ಇರಲಿಲ್ಲ.

ನಿನ್ನ ಮಾಮನಿಗೂ ಹೇಳಲಿಲ್ಲ. ನಿನ್ನ ತಾಯಿ ಹೋದ ವರ್ಷ ಒಂದು ಸಂಜೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕುಳಿತಿದ್ದಾಗ ಅವರು ತಾವಾಗಿಯೇ ಅಂದರು: "ನಿಮ್ಮ ಅತ್ತಿಗಿಗೆ ಆ ಬ್ಯಾನಿ ಅದ ಅಂತ ಲಗ್ನಕ್ಕ ಮೊದಲ ನನಗ ಸುಳುವು ಸಿಕ್ಕಿತ್ತು. ನಾ ಯಾರಿಗೂ ಹೇಳಲಿಲ್ಲ. ಅದಕ್ಕ ನಿನ್ನ ಬಿಡೂದೇನು?" ನಾನು ಎದ್ದು ಒಳಗೆ ಹೋದೆ. ಅವರು ನನಗೆ ದುಃಖ ಒತ್ತರಿಸಿತೆಂದು ತಿಳಿದರು.

ಈಗ ಯಾಕೆ ಹೇಳುತ್ತಿದ್ದೇನೆ? ಹೋದ ವಾರ ನಿನ್ನ ಮೊಮ್ಮಗಳಿಗೆ ಡಾಕ್ಟರಿಕೆ ಓದಲು ಸೀಟು ಸಿಕ್ಕಿತೆಂದು ಎಲ್ಲರೂ ಕೂಡಿದ್ದೆವು. ನೀನು ಅವಳಿಗೆ ಸಕ್ಕರೆ ತಿನ್ನಿಸಿ ಹೇಳಿದೆ: "ಛಲೋ ಓದು. ನಮ್ಮವ್ವನ್ನ ನೋಡಿದ ಡಾಕ್ಟರಮ್ಮಗ ಒಂದು ಕೆಮ್ಮು ತಿಳೀಲಿಲ್ಲ. ಸರಿ ಕೇಳಿದ್ರ ನಮ್ಮವ್ವ ಉಳೀತಿದ್ಲು. ನೀ ಹಂಗ ಆಗಬ್ಯಾಡ." ಆ ಮಾತನ್ನು ನೀನು ಬದುಕಿನುದ್ದಕ್ಕೂ ಹೇಳಿದ್ದೀ, ನಾನು ಬದುಕಿನುದ್ದಕ್ಕೂ ಕೇಳಿಸಿಕೊಂಡು ಸುಮ್ಮನಿದ್ದೇನೆ. ಅಂದು ಆ ಹುಡುಗಿ ತಲೆಬಾಗಿ, ಹಾಗೆ ಆಗುವುದಿಲ್ಲ ಎಂದು ಮಾತು ಕೊಟ್ಟಳು. ಯಾರ ಹಾಗೆ ಆಗುವುದಿಲ್ಲ? ಆ ಡಾಕ್ಟರಮ್ಮ ಎಲ್ಲಿಗೆ ಹೋದಳೋ ಗೊತ್ತಿಲ್ಲ. ವರ್ಗವಾಗಿ ಹೋದಳು ಎಂದರು. ಎಲ್ಲಿದ್ದರೂ ನಿನ್ನ ತಾಯಿಯ ಸಾವನ್ನು ತನ್ನ ತಪ್ಪೆಂದೇ ಎಣಿಸಿ ಬದುಕಿರುತ್ತಾಳೆ.

ಸುಮಿತ್ರಾ, ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಉತ್ತರ ಕೊಡಬೇಕಾಗುತ್ತದೆ, ಅದೂ ನಿನ್ನ ಮೇಲೆಯೇ ಬೀಳುತ್ತದೆ. ನೀನು ಎದ್ದು ಹೋದರೆ ತಡೆಯುವುದಿಲ್ಲ. ಮಗನ ಮನೆಗೆ ಹೋಗಿ ಇರುತ್ತೇನೆ ಎಂದು ನೀನು ಹೇಳಿದರೆ, ನಿನ್ನ ಗಂಟು ಕಟ್ಟಿಕೊಡುತ್ತೇನೆ. ಆದರೆ ಆ ಹುಡುಗಿ ಓದಲು ಹೊರಡುವ ಮೊದಲು ಅವಳನ್ನು ನನ್ನ ಹತ್ತಿರ ಕೂಡಿಸಿಕೊಂಡು, ಆ ಡಾಕ್ಟರಮ್ಮ ಕೇಳಬೇಕಾದ್ದನ್ನು ಕೇಳಿದ್ದಳು ಎಂದು ಹೇಳುತ್ತೇನೆ. ನೀನು ಪಕ್ಕದಲ್ಲಿದ್ದರೂ ಹೇಳುತ್ತೇನೆ, ಇಲ್ಲದಿದ್ದರೂ.